ಶಿಶು ಕೊಠಡಿ, ಮೂರು ಮಧ್ಯಾಹ್ನ

ಮಂಗಳವಾರ, ಬೆಳಿಗ್ಗೆ ಹನ್ನೊಂದು

ಪ್ರೀತಿಯ ಅಮ್ಮಾ,

ಮಗು ಮಲಗಿದೆ. ನನಗೆ ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ.

ಆಸ್ಪತ್ರೆಯ ಬಿಲ್ಲಿನ ಜಗಳ ಮುಗಿಯಿತು. ‘ಶಿಶು ಕೊಠಡಿ, ಮೂರು ದಿನ’ ಅಂತ ಹಾಕಿದ್ದ ಹಣ ಕೈಬಿಟ್ಟಿದ್ದೇವೆ ಅಂತ ಹೋದ ವಾರ ಪತ್ರ ಬಂತು. ನಿನ್ನ ಅಳಿಯ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಗೆದ್ದದ್ದು ನಾನಲ್ಲ, ಅತ್ತೆ ಅಂದರು. ಕೌಂಟರಿನ ಮುಂದೆ ನೀನು, “ಮಗು ಅವಳ ಪಕ್ಕ ಬಿಟ್ಟು ಕದಲಿಲ್ಲ, ನನ್ನ ಕಣ್ಣೇನು ಕುರುಡಾ?” ಅಂದದ್ದನ್ನು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ.

ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ತಪ್ಪು ಬರೆದ ನರ್ಸಿನ ಸಂಬಳದಲ್ಲಿ ಆ ಹಣ ಮುರಿದುಕೊಂಡು ವಿಚಾರಣೆಯನ್ನೂ ಮಾಡುತ್ತಾರಂತೆ. ಆಗಲಿ, ಬುದ್ಧಿ ಬರಲಿ ಅಂದರು ಇವರು. ನಾನು ಬಾಟಲಿ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ.

ಅಮ್ಮಾ, ಆ ನರ್ಸ್ ತಪ್ಪು ಬರೆದಿರಲಿಲ್ಲ. ಮೂರೂ ಮಧ್ಯಾಹ್ನ, ಊಟವಾಗಿ ನಿನಗೆ ಜೊಂಪು ಹತ್ತಿದ ಮೇಲೆ, ಗಂಟೆ ಒತ್ತಿ ಕರೆದು ಮಗುವನ್ನು ಕೊಟ್ಟವಳು ನಾನೇ. ಅಮ್ಮ ಏಳುವುದರೊಳಗೆ ತಂದುಬಿಡಿ, ಯಾರಿಗೂ ಹೇಳಬೇಡಿ ಅಂದಿದ್ದೆ. ಅವರು ಹೇಳಲಿಲ್ಲ. ರಿಜಿಸ್ಟರಿನಲ್ಲಿ ಬರೆಯದೆ ಮಾತ್ರ ವಿಧಿಯಿರಲಿಲ್ಲ. ನನಗೆ ನೋವಿತ್ತು ಅಂತಲ್ಲ. ಮಗುವನ್ನು ನೋಡಿದರೆ ಏನೂ ಅನ್ನಿಸುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ಯಾರೋ ಸ್ವಲ್ಪ ನೋಡ್ಕೊಳ್ಳಿ ಅಂತ ಬಿಟ್ಟುಹೋದ ಚೀಲದ ಹಾಗೆ ಕಾಣುತ್ತಿತ್ತು. ಆ ಯಾರೋ ಇನ್ನೂ ಬಂದಿಲ್ಲ.

ನಿನ್ನೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದೆ. ಬರೆದದ್ದು ಸರಿ, ನಮ್ಮ ದೂರೇ ಸುಳ್ಳು ಅಂದೆ. ಕೌಂಟರಿನವನಿಗೆ ನೆಗಡಿ. ಬಿಟ್ಟ ಹಣ ಕಟ್ಟುವುದಕ್ಕೆ ಬಂದವರನ್ನು ಈ ಜನ್ಮದಲ್ಲಿ ನೋಡಿಲ್ಲ, ಅದಕ್ಕೆ ನಮ್ಮಲ್ಲಿ ಫಾರಮ್ಮೂ ಇಲ್ಲ ಅಂತ ಮೂಗು ಒರೆಸಿಕೊಂಡ. ಕೊನೆಗೆ ಬಿಳಿ ಹಾಳೆಯ ಮೇಲೆ ಬರೆಸಿಕೊಂಡ. ‘ಮಗುವನ್ನು ನಾನೇ ಕೊಟ್ಟೆ.’ ಸಹಿ ಹಾಕಿದೆ, ಹಣ ಕಟ್ಟಿದೆ. ಇನ್ನು ಆ ನರ್ಸಿಗೆ ಏನೂ ತೊಂದರೆಯಿಲ್ಲವಂತೆ. ಇವರಿಗೆ ಇನ್ನೂ ಹೇಳಿಲ್ಲ.

ನಾಲ್ಕು ಜನರ ಮುಂದೆ ನೀನಾಡಿದ ಮಾತನ್ನು ಸುಳ್ಳು ಮಾಡಿಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ನಿದ್ದೆಯಲ್ಲಿದ್ದವಳಿಗೆ ಹೇಗೆ ಗೊತ್ತಾಗಬೇಕು?

ನಾನು ಚೆನ್ನಾಗಿದ್ದೇನೆ. ಮಗು ಹಾಲು ಕುಡಿಯುತ್ತದೆ.

ನಿನ್ನ
ಪುಟ್ಟಿ

ಕಾಗದ ಅಂಟಿಸುವ ಮುಂಚೆ ಇದೊಂದು: ವಾಪಸ್ ಬರುವಾಗ ಆ ನರ್ಸ್ ಮೆಟ್ಟಿಲ ಹತ್ತಿರ ಸಿಕ್ಕರು. ಬೈಯಲಿಲ್ಲ. ಎರಡನೆಯ ದಿನ ನೀನು ಮಗುವಿನ ಟೋಪಿ ಹಿಡಿದುಕೊಂಡು ಅವರ ಹಿಂದೆಯೇ ಶಿಶು ಕೊಠಡಿಯವರೆಗೂ ಹೋಗಿದ್ದೆಯಂತೆ. ಅವಳು ಮಲಗಲಿ, ನನಗೆ ಗೊತ್ತು ಅಂತ ಅವಳಿಗೆ ಹೇಳಬೇಡಿ ಅಂದೆಯಂತೆ. ಅಮ್ಮಾ, ಮಧ್ಯಾಹ್ನ ಆಗುತ್ತಾ ಬಂತು. ನೀನು ಬರುತ್ತೀಯಾ?