ಮಿಷನ್ ನಿಂತ ಪುಟ

ಮನೆಯಿಂದ, ಜೂನ್ ೯, ಗುರುವಾರ

ಪ್ರೀತಿಯ ಹಿರಿಸೊಸೆಗೆ,

ಮೂವತ್ತೆಂಟು ವರ್ಷದಿಂದ ಈ ಮನೆಗೂ ಕೆಳಗಿನ ಹೊಲಿಗೆ ಅಂಗಡಿಗೂ ನಾನೇ ಯಜಮಾನಿ. ನಾನಾಗಿ ಯಾರಿಗೂ ಮೊದಲು ಪತ್ರ ಬರೆದವಳಲ್ಲ. ನಿನಗೆ ಬರೆಯುತ್ತಿದ್ದೇನೆ ಎಂದರೆ ನೀನೇ ಅಂದಾಜು ಮಾಡಿಕೋ. ಆರೋಗ್ಯ ಹೇಗಿದೆ? ಹೊಸ ಶಾಲೆಯಲ್ಲೂ ಹಿಂದಿನ ಬೆಂಚಿಗೆ ಕೇಳಲಿ ಎಂದು ಕಿರುಚಿ ಗಂಟಲು ಕೆಡಿಸಿಕೊಂಡಿರಬೇಕು. ಬಿಸಿನೀರು ಕುಡಿ. ಇಲ್ಲಿ ಎಲ್ಲರೂ ಕ್ಷೇಮ.

ನೀನು ವರ್ಗವಾಗಿ ಹೊರಡುವ ಹಿಂದಿನ ವಾರ, ನನ್ನ ಬದುಕಿನ ಕಥೆ ಬರೆದ ನೋಟ್‌ಬುಕ್ಕನ್ನು ಪೂರ್ತಿ ಓದಿ, ‘ಅತ್ತೆ, ಇದ್ರಲ್ಲಿ ನೀವು ಒಂದ್ಸಲಾನೂ ತಪ್ಪೇ ಮಾಡಿಲ್ವಲ್ಲ’ ಅಂದೆ. ನಾನು ಅದನ್ನು ನಿನ್ನ ಕೈಯಿಂದ ಕಿತ್ತುಕೊಂಡೆ. ನೀನು ಬಸ್ಸು ಹತ್ತುವವರೆಗೂ ನಿನ್ನ ಜೊತೆ ಮಾತು ಬಿಟ್ಟಿದ್ದೆ. ಮಿಕ್ಕವರೆಲ್ಲ ಹೊಗಳಿದ್ದರಲ್ಲ! ನಿನ್ನ ಗಂಡ ಹತ್ತೇ ನಿಮಿಷದಲ್ಲಿ ಎಂಬತ್ತು ಪುಟ ಓದಿ ‘ಸೂಪರ್ ಅಮ್ಮಾ’ ಅಂದಿದ್ದ. ನನ್ನ ಮಗನ ಕಣ್ಣು ರೈಲಿಗಿಂತ ಜೋರು. ಹೆತ್ತವರಿಗೆ ಹೆಗ್ಗಣ ಮುದ್ದು, ನಾನೂ ನಂಬಿದೆ.

ನಿನ್ನ ಮಾತನ್ನು ಸುಳ್ಳು ಮಾಡಬೇಕೆಂದೇ ಅಂಗಡಿಯ ಹೆಂಗಸರು ಹೊಲಿಯುತ್ತಿರುವಾಗ ಅದನ್ನು ಗಟ್ಟಿಯಾಗಿ ಓದತೊಡಗಿದೆ. ಹೊಗಳುವುದರಲ್ಲಿ ಅವರೂ ಕಡಿಮೆಯಿಲ್ಲ, ಸಂಬಳ ಕೊಡುವವಳು ನಾನು. ಆದರೆ ಮಿಷನ್‌ಗಳಿಗೆ ನನ್ನ ಹೆದರಿಕೆ ಇಲ್ಲವಲ್ಲ. ಒಬ್ಬಳೇ ಅಂಗಡಿ ಕಟ್ಟಿದ್ದು, ಮಕ್ಕಳನ್ನು ದಡ ಮುಟ್ಟಿಸಿದ್ದು ಎಲ್ಲ ಓದಿದ ಮೂರು ದಿನವೂ ಆರೂ ಮಿಷನ್ ಒಂದೇ ಸಮನೆ ಗಡಗಡ ಓಡಿದವು. ವಾರದ ಕೆಲಸ ಮೂರೇ ದಿನದಲ್ಲಿ ಮುಗಿಯಿತು.

ನಾಲ್ಕನೇ ದಿನ ಓದುತ್ತ ಓದುತ್ತ, ಬರೆಯದೇ ಬಿಟ್ಟ ಸಂಗತಿಯೊಂದು ಬಾಯಿಂದ ಬಿದ್ದುಹೋಯಿತು. ಹಿಂದೆ ಒಂದು ಮದುವೆ ಕೋಟಿನ ತೋಳನ್ನು ನಾನೇ ಎರಡು ಇಂಚು ಗಿಡ್ಡ ಕತ್ತರಿಸಿ, ಗಿರಾಕಿಯ ಮುಂದೆ ತಪ್ಪನ್ನು ಕಟಿಂಗ್ ಮಾಡುವವಳ ಮೇಲೆ ಹಾಕಿದ್ದೆ. ಕತ್ತರಿ ಮೇಜಿನ ಮೇಲಿಟ್ಟು ಹೋದವಳು ಮತ್ತೆ ಬರಲೇ ಇಲ್ಲ. ಇಷ್ಟು ಹೇಳುವಷ್ಟರಲ್ಲಿ ಮಿಷನ್‌ಗಳು ಒಂದೊಂದಾಗಿ ನಿಂತವು. ಮೂವತ್ತು ವರ್ಷದಲ್ಲಿ ನನ್ನೆದುರು ದನಿ ಎತ್ತದ ಕಾಜಾ ಹಾಕುವ ಅಕ್ಕ, ‘ಇದನ್ನ ಯಾಕಮ್ಮಾ ಬರ್ದಿಲ್ಲ? ಆಮೇಲೇನಾಯ್ತು, ಹೇಳಿ’ ಅಂದಳು. ಮೈಯೆಲ್ಲ ಉರಿಯಿತು. ಮರುದಿನ ಬರೆಯಲು ಕೂತೆ.

ನೀನು ಹೇಳಿದ್ದು ಸರಿ. ಈ ಒಂದು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಎರಡನೇ ಸಲ ಕೇಳಬೇಡ.

ತಣ್ಣಗಿರು. ಮಕ್ಕಳ ಮೇಲೆ ರೇಗಬೇಡ.

ಇತಿ,
ನಿನ್ನ ಅತ್ತೆ

ವಿ.ಸೂ.: ಮೊದಲ ಇಪ್ಪತ್ತೆರಡು ಪುಟ ಹರಿದು ಹಾಕಿ, ಕೋಟಿನ ಕಥೆಯಿಂದಲೇ ಶುರುಮಾಡಿ, ಎಲ್ಲವನ್ನೂ ಬೇರೆ ನೋಟ್‌ಬುಕ್ಕಿನಲ್ಲಿ ಹೊಸದಾಗಿ ಬರೆದೆ. ಬೆಳಗ್ಗೆ ನಾನೇ ಅಂಚೆ ಕಚೇರಿಗೆ ಹೋಗಿ ಅದನ್ನು ನಿನ್ನ ಹೆಸರಿಗೆ ರಿಜಿಸ್ಟರ್ ಪೋಸ್ಟ್ ಮಾಡಿ ಬಂದಿದ್ದೇನೆ. ನಕಲು ಇಟ್ಟುಕೊಂಡಿಲ್ಲ. ಎಡಗಡೆ ಮಾತ್ರ ಬರೆದಿದ್ದೇನೆ, ಬಲಗಡೆಯ ಪುಟವೆಲ್ಲ ನಿನ್ನದು. ಹೊಗಳಲಿಕ್ಕಲ್ಲ.