ಸಿಪ್ಪೆ ನೀರು ಮತ್ತು ನೀಲಿ ಬಾಟಲಿ

ಈ ಮನೆಯ ಕಿರಿಸೊಸೆಗೆ,

ನಾನು ಈ ಮನೆಯ ಹಿರಿಸೊಸೆ. ಮೂವತ್ತನಾಲ್ಕು ವರ್ಷಗಳಿಂದ ಇಲ್ಲಿ ಯಾವ ಡಬ್ಬಿ ಯಾವ ಗೂಡಿನಲ್ಲಿರಬೇಕು ಎಂದು ಹೇಳುತ್ತಾ ಬಂದವಳು. ನಿನ್ನ ಗಂಡ ಕೂಡ ನನ್ನ ಕೈಯ ಅನ್ನ ಉಂಡು ದೊಡ್ಡವನಾದವನೇ. ಒಂದೇ ಸೂರಿನಡಿ ಇದ್ದುಕೊಂಡು ವಾರಗಿತ್ತಿಗೆ ಕಾಗದ ಬರೆಯುವುದೇನು ಎಂದು ನಿನಗೆ ಅನ್ನಿಸಬಹುದು. ಎದುರು ನಿಂತು ಹೇಳುವಷ್ಟು ನನ್ನ ನಾಲಗೆ ಬಾಗುವುದಿಲ್ಲ, ಅದಕ್ಕೇ.

ಹೋದ ವರ್ಷ ನೀವಿಬ್ಬರೂ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದಿರಿ. ತಿಂಗಳು ತುಂಬುವುದರೊಳಗೆ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರ್ ಹೋಗಿ ಹೀರೆಕಾಯಿ ನಾರು ಬಂತು. ಬಾಗಿಲ ಹಿಂದೆ ಬಟ್ಟೆ ಚೀಲಗಳು ನೇತಾಡಿದವು. ಕಸಕ್ಕೆ ಎರಡು ಡಬ್ಬಿ. ಕೊನೆಗೆ ನೆಲ ಒರೆಸುವ ನೀಲಿ ದ್ರಾವಣವೂ ಬೇಡವೆಂದು ಕಿತ್ತಳೆ ಸಿಪ್ಪೆಯನ್ನು ವಿನೆಗರ್‌ನಲ್ಲಿ ನೆನೆಹಾಕಿ, ಗಾಜಿನ ಜಾಡಿಗಳನ್ನು ನನ್ನ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟೆ.

"ಚಿಕ್ಕಮ್ಮ ಎಷ್ಟೆಲ್ಲ ಯೋಚನೆ ಮಾಡ್ತಾರೆ ನೋಡಮ್ಮಾ" ಎಂದು ನನ್ನ ಮಗನೇ ನನಗೆ ಹೇಳಿದ. ಅವನ ಹಳೆಯ ಅಂಗಿಗಳನ್ನು ಕತ್ತರಿಸಿ ಒರೆಸುವ ಬಟ್ಟೆ ಮಾಡಿದವಳು ನಾನು. ಬ್ರೆಡ್ಡಿನ ಕವರ್ ತೊಳೆದು ಹಗ್ಗಕ್ಕೆ ಸಿಕ್ಕಿಸಿದರೆ, "ಫ್ರೆಂಡ್ಸ್ ಬರ್ತಾರೆ, ಮೊದ್ಲು ಅದನ್ನ ತೆಗಿ" ಎಂದು ಮುಖ ಸಿಂಡರಿಸುತ್ತಿದ್ದವನು ಅವನು. ನಾನು ಮಾಡಿದಾಗ ಅದು ಜುಗ್ಗತನ, ನೀನು ಮಾಡಿದಾಗ ಪರಿಸರ. ಹೊಟ್ಟೆಯೊಳಗೆ ಕೆಂಡ ಸುರಿದ ಹಾಗಾಯಿತು.

ಸಿಪ್ಪೆ ನೀರಿಗೆ ನೆಲ ಎಲ್ಲಿ ಹೊಳೆಯುತ್ತದೆ, ಎಂಟು ದಿನದಲ್ಲಿ ಎಲ್ಲರೂ ನನ್ನ ಹತ್ತಿರವೇ ಬರುತ್ತಾರೆ ಎಂದುಕೊಂಡೆ. ಆದರೆ ಆ ಎಂಟು ದಿನ ಸುಮ್ಮನಿರಲು ನನ್ನಿಂದಾಗಲಿಲ್ಲ. ನೆಲ ಮಂಕಾದರೆ ಬಂದವರ ಮುಂದೆ ಹೋಗುವುದು ನನ್ನ ಮರ್ಯಾದೆ ತಾನೆ? ನೀನು ಬೆಳಿಗ್ಗೆ ಒರೆಸಿ ಲೈಬ್ರರಿ ಕೆಲಸಕ್ಕೆ ಹೋದ ಮೇಲೆ, ನಾನು ಬಾಗಿಲು ಹಾಕಿಕೊಂಡು ನೀಲಿ ದ್ರಾವಣದಲ್ಲಿ ಮತ್ತೊಮ್ಮೆ ಒರೆಸಿದೆ. ಮೂರು ತಿಂಗಳು ಒರೆಸಿದೆ. ಸೊಂಟ ನನ್ನದು, ಹೊಗಳಿಕೆ ನಿನ್ನದು.

ಖಾಲಿ ಬಾಟಲಿಯನ್ನು ನಮ್ಮ ಡಬ್ಬಿಗೆ ಹಾಕುವ ಹಾಗಿರಲಿಲ್ಲ. ಕಸವನ್ನೂ ಕೈಯಾರೆ ಬೇರೆ ಮಾಡುವವಳು ನೀನು. ಅದಕ್ಕೆ ಯಾರಿಗೂ ಕಾಣದಂತೆ ಹಳೆಯ ಪೇಪರಿನಲ್ಲಿ ಸುತ್ತಿ ಎದುರುಮನೆ ಟೈಲರಮ್ಮನ ಡಬ್ಬಿಗೆ ಹಾಕಿ ಬರುತ್ತಿದ್ದೆ. ಆ ಪೇಪರು ನೀನು ತಂದದ್ದು, ಅದರ ಮೂಲೆಯಲ್ಲಿ ನಿನ್ನ ಲೈಬ್ರರಿಯ ಮೊಹರಿದೆ ಎನ್ನುವುದು ನನ್ನ ಕಣ್ಣಿಗೆ ಬೀಳಲಿಲ್ಲ.

ನಾಲ್ಕನೆಯ ತಿಂಗಳು ನನ್ನ ಮಂಡಿ ಹಿಡಿದುಕೊಂಡಿತು. ಹದಿನೈದು ದಿನ ಬಗ್ಗಲಿಲ್ಲ. ನೆಲ ಮೊದಲಿನಂತೆಯೇ ಹೊಳೆಯುತ್ತಿತ್ತು. ನೋವಿಗಿಂತ ಆ ಹೊಳಪು ನನ್ನನ್ನು ಹೆಚ್ಚು ಸುಟ್ಟಿತು.

ಹೋದ ಭಾನುವಾರ ಬೀದಿಯ ಹೆಂಗಸರು ನಿನ್ನಿಂದ ಸಿಪ್ಪೆ ನೀರು ಮಾಡುವುದನ್ನು ಕಲಿಯಲು ನಮ್ಮ ನಡುಮನೆಗೆ ಬಂದು ಕೂತಾಗ, ಟೈಲರಮ್ಮ ತನ್ನ ಡಬ್ಬಿಯಲ್ಲಿ ಸಿಕ್ಕಿ ಎತ್ತಿಟ್ಟಿದ್ದ ಮೂರು ಬಾಟಲಿಗಳನ್ನು ಆ ಪೇಪರಿನ ಸಮೇತ ಮೇಜಿನ ಮೇಲಿಟ್ಟಳು. "ಏನ್ರೀ ಲೈಬ್ರರಿಯಮ್ಮ, ನಮಗೆ ಸಿಪ್ಪೆ ನೀರು, ನಿಮಗೆ ನೀಲಿ ನೀರಾ? ಮೊಹರು ಬೇರೆ ಒತ್ತಿ ಕಳಿಸಿದೀರಲ್ಲ!" ಎಲ್ಲರೂ ನಕ್ಕರು. ನೀನು, "ನಾನು ತಂದಿಲ್ಲ. ಬೇಕಾದ್ರೆ ಅಕ್ಕನ್ನ ಕೇಳಿ" ಎಂದು ನನ್ನ ಕಡೆ ನೋಡಿದೆ. ನಾನು ಹಾಲು ಉಕ್ಕುತ್ತದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ಅವತ್ತೇ ನೀನು ಜಾಡಿಗಳನ್ನು ಖಾಲಿ ಮಾಡಿದೆ. ಮರುದಿನ ಪ್ಲಾಸ್ಟಿಕ್ ಸ್ಕ್ರಬ್ಬರ್ ವಾಪಸು ಬಂತು. ನಾನು ಬಯಸಿದ್ದೆಲ್ಲ ಆಯಿತು. ಆದರೆ ನಿನ್ನೆ ಊಟಕ್ಕೆ ಕೂತಾಗ ಮೊಮ್ಮಗಳು, "ಅಜ್ಜಿ, ಚಿಕ್ಕಜ್ಜಿ ಸುಳ್ಳು ಹೇಳ್ತಾರಾ?" ಎಂದು ಕೇಳಿದಳು. ನೀನು ತಟ್ಟೆ ನೋಡುತ್ತಾ ಕೂತಿದ್ದೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿದೆ, ನಿಜ. ಆದರೆ ನನ್ನ ಮನೆಯ ಸೊಸೆಯನ್ನು ಬೀದಿಯವರು ಸುಳ್ಳಿ ಎಂದರೆ, ಅದೂ ನನ್ನಿಂದ, ನಾನು ಯಾವ ಮುಖ ಹೊತ್ತು ಹಿರಿಯಳೆನಿಸಿಕೊಳ್ಳಲಿ?

ಇವತ್ತು ನೀನು ಕೆಲಸಕ್ಕೆ ಹೋದ ಮೇಲೆ ಮೊಮ್ಮಗಳ ಕೈ ಹಿಡಿದುಕೊಂಡು ಟೈಲರಮ್ಮನ ಮನೆಗೆ ಹೋದೆ. ಅಳತೆ ಕೊಡಲು ಬಂದ ನಾಲ್ಕು ಜನ ಇದ್ದರು. ಇದ್ದರೆ ಇರಲಿ ಎಂದು ಎಲ್ಲರ ಮುಂದೆ ಹೇಳಿದೆ, "ಆ ಬಾಟ್ಲಿ ತಂದವಳು ನಾನು, ಎಸೆದವಳು ನಾನು. ಅವಳಿಗೆ ಗೊತ್ತೇ ಇಲ್ಲ."

"ಬಿಡಿ ದೊಡ್ಡಮ್ಮ, ತಂಗಿ ಮಾನ ಉಳಿಸೋಕೆ ಹೇಳ್ತಿದೀರಿ. ನೀವು ಅಂಥವರಲ್ಲ" ಎಂದಳು ಟೈಲರಮ್ಮ.

"ಅಂಥವಳೇ ಕಣೇ. ಹೊಟ್ಟೆಕಿಚ್ಚಿಗೆ ಮಾಡ್ದೆ. ಎಷ್ಟು ಸಲ ಹೇಳಿಸ್ತೀಯ?"

ಮೆಷಿನ್ನು ನಿಂತಿತು. ಮೊಮ್ಮಗಳು ನನ್ನ ಕೈ ಬಿಡಲಿಲ್ಲ. ಬರುವ ಭಾನುವಾರ ಎಲ್ಲರೂ ನಮ್ಮ ಮನೆಗೆ ಬರಬೇಕೆಂದು ಹೇಳಿ ಬಂದಿದ್ದೇನೆ. ಕಲಿಸುವವಳು ನೀನು. ನಾನು ಪಕ್ಕದಲ್ಲಿ ಕೂರುತ್ತೇನೆ, ಹೊಗಳುವುದಿಲ್ಲ. ಅಷ್ಟು ಬೇಗ ಆರುವ ಕಿಚ್ಚಲ್ಲ ಇದು.

ನಿನ್ನ ಕೈಗೆ ಸೋಲು ಬಾರದಿರಲಿ ಎಂದು ಹರಸುವ,
ನಿನ್ನ ಅಕ್ಕ