ತಸಾಬಿಗೆ ಒಂದು ಉದಾಹರಣೆ

ಕೈರೋ, ನವೆಂಬರ್ ೧೨, ಬುಧವಾರ

ಅರಬ್ಬಿ ನಿಘಂಟಿನ ಕರಡಿನಲ್ಲಿ ಇಡೀ ದಿನ ಒಂದೇ ಪದಕ್ಕೆ ಸಿಕ್ಕಿಕೊಂಡೆ: ತಸಾಬಿ. ‘ಹೋದ ಹರೆಯವನ್ನು ಮರಳಿ ತಂದುಕೊಳ್ಳಲು ನೋಡುವುದು’ ಎಂದು ಅರ್ಥ ಬರೆದುಕೊಟ್ಟಿದ್ದೆ. ಸಂಪಾದಕಿ ಸನಿಯ್ಯಾ ಫೋನ್ ಮಾಡಿದಳು.

“ಅರ್ಥ ಸರಿಯಾಗಿದೆ ಉಸ್ತಾದ್, ಬಳಕೆಗೊಂದು ವಾಕ್ಯ ಬೇಕಲ್ಲ? ನಿಮಗೆ ಗೊತ್ತಿಲ್ಲದ್ದಾ!”

ಗೊತ್ತಿದೆ. ಈ ಪದವನ್ನು ಯಾರೂ ಹೊಗಳಲು ಬಳಸುವುದಿಲ್ಲ. ಕೆಲವು ವರ್ಷಗಳ ಹಿಂದೆ ತಂಗಿಯ ಮಗಳ ಮದುವೆಗೆ ಹೊರಟಾಗ ನನ್ನ ಹೆಂಡತಿ ದೌಲತ್ ತಲೆಗೆ ಮೆಹಂದಿ ಹಚ್ಚಿ, ಕಿತ್ತಳೆ ಬಣ್ಣದ ಉಡುಪು ತೊಟ್ಟು ಬಂದಳು.

“ಹೇಗಿದೀನ್ರೀ?”

“ಅರವತ್ತಕ್ಕೆ ಇದೇನೇ ತಸಾಬಿ!” ಎಂದೆ. ನೆಂಟರೆಲ್ಲ ನಕ್ಕರು. ಅವಳೂ ನಕ್ಕಳು, ಒಳಗೆ ಹೋಗಿ ಕಪ್ಪು ಉಡುಪು ಹಾಕಿಕೊಂಡು ಬಂದಳು. ಆಮೇಲೆ ಮೆಹಂದಿ ಮುಟ್ಟಲೇ ಇಲ್ಲ. ಹೋದ ತಿಂಗಳು ಅವಳಿಗೆ ಕೊನೆಯ ಸ್ನಾನ ಮಾಡಿಸಿದ ಹೆಂಗಸರು, ಒಂದು ಕೂದಲೂ ಬಣ್ಣದ್ದಿರಲಿಲ್ಲ ಎಂದರು.

ಇವತ್ತು ಹಳೆಯ ನಿಘಂಟು ತೆರೆದೆ. ಈ ಪದದ ಬೇರಿಗೇ ಇನ್ನೊಂದು ಅರ್ಥವಿದೆ: ಒಬ್ಬರ ಕಡೆಗೆ ಮನಸ್ಸು ವಾಲುವುದು. ನಲವತ್ತು ವರ್ಷ ಅರಬ್ಬಿ ಪಾಠ ಹೇಳಿದವನಿಗೆ ಅದು ಗೊತ್ತಿರಲಿಲ್ಲವೇ? ಮನೆ ತುಂಬ ಜನರಿದ್ದರು. ಅವಳು ಕೇಳಿದ್ದು ನನ್ನೊಬ್ಬನನ್ನೇ.

ಉದಾಹರಣೆಯ ವಾಕ್ಯದಲ್ಲಿ ಅವಳ ಹೆಸರು ಬರೆದಿದ್ದೇನೆ. ಮುಂದೆ ‘ಗಂಡನ ಕಡೆಗೆ’ ಎಂದು ಬರಬೇಕು. ಗಂಡ ಎಂದು ಬರೆಯಲು ನನಗೆ ಯಾವ ಹಕ್ಕಿದೆ?